ಎರಡನೆಯ ಸಲದ ಕಾಫಿ

ಕುಂಜತ್ತೂರು

ಕಾಫಿ ಮಾಡಿಕೊಡಲೆಂದೇ ಸ್ವಿಟ್ಜರ್‌ಲ್ಯಾಂಡಿಗೆ ಹೋಗಿಬಂದವರು ನಮ್ಮ ಊರಿನಲ್ಲಿ ಇಬ್ಬರೇ ಇರಬೇಕು: ನನ್ನ ಅಮ್ಮ, ಮತ್ತು ಅಮ್ಮನಿಗೆ ಇಂಗ್ಲಿಷ್ ಬಾರದ ಕಾರಣ ನಾನು. ಕೇಳಿದವರಿಗೆಲ್ಲ ಅಮ್ಮ "ಅಕ್ಕನನ್ನು ನೋಡ್ಲಿಕ್ಕೆ" ಎಂದಷ್ಟೇ ಹೇಳಿದ್ದಳು. ಅದೂ ಸುಳ್ಳಲ್ಲ.

ಅಮ್ಮನ ಅಕ್ಕ, ನನ್ನ ಸೆವ್ರಿನ್ ಮಾವ್ಶಿ, ನರ್ಸ್ ಆಗಿ ಆ ದೇಶಕ್ಕೆ ಹೋದವರು ಅಲ್ಲಿಯ ವಾಲ್ಟರ್ ಅಂಕಲ್ ಅವರನ್ನು ಮದುವೆಯಾಗಿ ಅಲ್ಲೇ ಉಳಿದಿದ್ದರು. ನಮ್ಮ ಮನೆಗೆ ತಾಗಿಕೊಂಡೇ ಅಜ್ಜ ಅವರಿಗಾಗಿ ಬಿಟ್ಟುಹೋದ ಜಾಗ ಉಂಟು. ಅದರಲ್ಲಿ ಅಮ್ಮ ಬಸಳೆ ಚಪ್ಪರ ಹಾಕಿದ್ದಾಳೆ. ಪ್ರತಿ ಸಲ ಹೊಸ ಬಳ್ಳಿ ನೆಡುವಾಗಲೂ "ಅಕ್ಕ ಬರುವ ತನಕ ಮಾತ್ರ" ಎನ್ನುತ್ತಾಳೆ. ನಾನು ಹುಟ್ಟುವ ಮೊದಲಿನಿಂದ ನಾವು ಆ ಬಸಳೆ ತಿನ್ನುತ್ತಿದ್ದೇವೆ.

ಈಗ ಮಾವ್ಶಿಯ ನಿವೃತ್ತಿ ಹತ್ತಿರ ಬಂದಿತ್ತು. ಅವರಿಗೆ ಊರಿಗೆ ಬಂದು ಆ ಜಾಗದಲ್ಲಿ ಸಣ್ಣ ಮನೆ ಕಟ್ಟಿ ಕೂರುವ ಆಸೆ. ವಾಲ್ಟರ್ ಅಂಕಲ್ ಸೆಕೆಗೆ ಒಪ್ಪಿದರು, ಸೊಳ್ಳೆಗೆ ಒಪ್ಪಿದರು, ಮಳೆಗಾಲದಲ್ಲಿ ಕರೆಂಟು ಹೋದರೆ ಬರುವ ಭರವಸೆ ಇಲ್ಲ ಎಂಬುದಕ್ಕೂ ಒಪ್ಪಿದರು. ಕೊನೆಗೆ ಕೇಳಿದರಂತೆ, "ಹಾಗಾದರೆ ನನ್ನ ಬೆಳಗಿನ ಕಾಫಿ?"

ಅವರಲ್ಲಿ ಕಾಫಿ ಮಾಡುವ ಒಂದು ಯಂತ್ರ ಇತ್ತು. ಒಳಗೆ ಪುಡಿ ತುಂಬಿ ಮುಚ್ಚಿದ, ಹೆಬ್ಬೆಟ್ಟಿನಷ್ಟು ದೊಡ್ಡ ಅಲ್ಯೂಮಿನಿಯಂ ಕ್ಯಾಪ್ಸೂಲನ್ನು ಅದಕ್ಕೆ ಹಾಕಬೇಕು, ಗುಂಡಿ ಒತ್ತಬೇಕು, ಒಂದು ಕಪ್ ಕಾಫಿ ಇಳಿಯುತ್ತದೆ. ಅಂಥ ಕ್ಯಾಪ್ಸೂಲು ಕಾಸರಗೋಡಿನ ಅಂಗಡಿಯಲ್ಲಿ ಸಿಗುವುದಿಲ್ಲ. ಸಿಕ್ಕಿದರೂ ಕರೆಂಟು ಬೇಕು. ನಮ್ಮ ಕಾಫಿಯ ಬಗ್ಗೆ ಅವರಿಗೆ ಅಭಿಪ್ರಾಯ ಇರಲಿಲ್ಲವೆಂದಲ್ಲ. ಮದುವೆಯ ಹೊಸತರಲ್ಲಿ ಒಮ್ಮೆ ಬಂದಿದ್ದಾಗ ದಾರಿಯ ಯಾವುದೋ ಹೋಟೆಲಿನಲ್ಲಿ ಕುಡಿದಿದ್ದರು. ಹಾಲಿನ ಕೆನೆ ಮೀಸೆಗೆ ಅಂಟಿದ್ದನ್ನು ಇಷ್ಟು ವರ್ಷವಾದರೂ ಮರೆತಿರಲಿಲ್ಲ.

ಮಾವ್ಶಿ ಫೋನಿನಲ್ಲಿ ಅಮ್ಮನಿಗೆ ಹೇಳಿದರು, "ನೀನು ಒಮ್ಮೆ ಬಾ ಮಾರಾಯ್ತಿ. ನಮ್ಮ ಮಾಂಯ್ ಮಾಡ್ತಿದ್ದ ಹಾಗೆ ಬೆಲ್ಲದ ಕಾಫಿ ಮಾಡಿ ಇವರಿಗೆ ಕುಡಿಸು. ಒಪ್ಪಿದ್ರೆ ಒಪ್ಪಿದ್ರು. ಇಲ್ಲದಿದ್ರೆ ಆ ಮಿಶನಿನ ಪಕ್ಕದಲ್ಲೇ ನನ್ನ ಮಣ್ಣು. ಮತ್ತೆ, ಒಣಮೀನು ತರ್ಬೇಡ. ಇಲ್ಲಿ ಇಡೀ ಕಟ್ಟಡಕ್ಕೇ ವಾಸನೆ ಬರ್ತದೆ."

ಮಾತುಕತೆಯೆಲ್ಲ ಕೊಂಕಣಿಯಲ್ಲಿ; ಮಾಂಯ್ ಎಂದರೆ ತಾಯಿ, ಬಾಯೆ ಎಂದರೆ ಮಗಳೇ. ನಾನು ಬರೆಯುತ್ತಿರುವುದು ನಮ್ಮ ಊರಿನ ಕನ್ನಡದಲ್ಲಿ.

ಬಂದಿಳಿದ ದಿನ

ಅಮ್ಮ ಒಣಮೀನು ತರಲಿಲ್ಲ. ಒಣಸಿಗಡಿ ತಂದಳು. ಅದು ಬೇರೆ ಎಂಬುದು ಅವಳ ವಾದ. ವಿಮಾನ ಏರಿದ ಮೇಲೆ ಈ ವಿಷಯ ನನಗೆ ತಿಳಿಸಿದಳು.

"ಮಾವ್ಶಿ ಬೇಡ ಅಂತ ಹೇಳ್ಲಿಲ್ವಾ?" ಎಂದೆ.

"ಹೇಳ್ತಾಳೆ. ತಂದ್ರೆ ತಿಂತಾಳೆ."

ಮಾವ್ಶಿಯ ಮನೆ ಒಂದು ಸರೋವರದ ಹತ್ತಿರದ ಸಣ್ಣ ಪಟ್ಟಣದಲ್ಲಿ. ಮೂರು ಮಹಡಿಯ ಕಟ್ಟಡ, ಇವರದು ನಡುವಿನದು. ಅಲ್ಲಿ ಮೊದಲು ಗಮನಕ್ಕೆ ಬಂದದ್ದು ಸರೋವರವಲ್ಲ, ಮೌನ. ನಮ್ಮಲ್ಲಿ ಮನೆಗೆ ನೆಂಟರು ಬಂದರೆ ಮೂರು ಮನೆಯವರು ಬೇಲಿಯ ಹತ್ತಿರ ಬಂದು "ಯಾರು?" ಎನ್ನುತ್ತಾರೆ. ಇಲ್ಲಿ ಮೆಟ್ಟಿಲಿನಲ್ಲಿ ಎದುರಾದ ಕೆಳಗಿನ ಮನೆಯ ಅಜ್ಜಿ ನಮಸ್ಕಾರದಂತೆ ಏನೋ ಹೇಳಿ, ನಾವು ಯಾರೆಂದು ಕೇಳದೆ, ಇಳಿದು ಹೋದರು. ಅಮ್ಮನಿಗೆ ಅವಮಾನವಾಯಿತು. ನನಗೆ ಬಹಳ ಹಿತವಾಯಿತು.

ಎರಡನೆಯದಾಗಿ ಗಮನಕ್ಕೆ ಬಂದದ್ದು ಬಾಲ್ಕನಿಯಲ್ಲಿ ಸಾಲಾಗಿ ಇಟ್ಟಿದ್ದ ಬಕೆಟ್ಟುಗಳು. ಬಾಟ್ಲಿಗೆ ಒಂದು, ಕಾಗದಕ್ಕೆ ಒಂದು, ತರಕಾರಿ ಸಿಪ್ಪೆಗೆ ಒಂದು. ಮುಚ್ಚಳವಿದ್ದ ನೀಲಿ ಬಕೆಟ್ಟು ಬಳಸಿ ಮುಗಿದ ಕಾಫಿ ಕ್ಯಾಪ್ಸೂಲಿಗೆ. ವಾರಕ್ಕೊಮ್ಮೆ ಅಂಕಲ್ ಅವನ್ನು ಬಿಡಿಸಿ, ಒಳಗಿನ ಗಸಿಯನ್ನು ಜಿರೇನಿಯಂ ಕುಂಡಗಳಿಗೆ ಹಾಕಿ, ಅಲ್ಯೂಮಿನಿಯಂ ಕೊಟ್ಟುಬರುತ್ತಾರೆ ಎಂದು ಮಾವ್ಶಿ ವಿವರಿಸಿದರು. ಅಮ್ಮ ಬಹಳ ಹೊತ್ತು ಆ ಬಕೆಟ್ಟುಗಳನ್ನು ನೋಡಿದಳು.

ಮೊದಲ ಬೆಳಿಗ್ಗೆ

ವಾಲ್ಟರ್ ಅಂಕಲ್ ಎತ್ತರದ, ಬಾಗಿದ, ಕಡಿಮೆ ಮಾತಿನ ಮನುಷ್ಯ. ಲಿಫ್ಟುಗಳನ್ನು ರಿಪೇರಿ ಮಾಡುತ್ತಿದ್ದ ಎಂಜಿನಿಯರ್. ಯಂತ್ರದ ಮುಂದೆ ನಿಂತು ನನ್ನನ್ನು ಕೇಳಿದರು, "ಕಾಫಿ?"

"ಬೇಡ, ಪರವಾಗಿಲ್ಲ," ಎಂದೆ.

ಅವರು ತಲೆಯಾಡಿಸಿ ತಮಗೊಂದು ಕಪ್ ಇಳಿಸಿಕೊಂಡು ಕುಡಿದರು. ನಾನು ಕಾಯುತ್ತ ಕುಳಿತೆ. ಕುಂಜತ್ತೂರಿನಲ್ಲಿ ಮೊದಲ "ಬೇಡ" ಲೆಕ್ಕಕ್ಕಿಲ್ಲ, ಎರಡನೆಯದು ಮರ್ಯಾದೆಗೆ, ಅಷ್ಟರಲ್ಲಿ ಲೋಟ ಕೈಯಲ್ಲಿರುತ್ತದೆ. ಇಲ್ಲಿ ಮೊದಲನೆಯದೇ ಕೊನೆಯದು. ಅಮ್ಮ ನನ್ನ ಗತಿಯನ್ನು ನೋಡಿ, ಅಂಕಲ್ ಅವಳ ಕಡೆಗೆ ತಿರುಗುವ ಮೊದಲೇ, ಗೊತ್ತಿದ್ದ ಒಂದೇ ಇಂಗ್ಲಿಷ್ ಮಾತನ್ನು ಜೋರಾಗಿ ಹೇಳಿದಳು. "ಯೆಸ್!"

ಯಂತ್ರ ಗುರ್ರೆಂದಿತು. ಸಾಸಿವೆ ಡಬ್ಬಿಯ ಮುಚ್ಚಳದಷ್ಟು ಚಿಕ್ಕ ಕಪ್ಪಿನಲ್ಲಿ ನೊರೆ ತುಂಬಿದ ಕಪ್ಪು ಕಾಫಿ ಬಂತು. ಅಮ್ಮ ಅದನ್ನು ಎದುರಿಗಿಟ್ಟುಕೊಂಡು ಕುಡಿಯದೆ ಕೂತಳು. ಎಲ್ಲರ ಕೈಗೂ ಲೋಟ ಬರುವ ಮೊದಲು ನಮ್ಮ ಮನೆಯಲ್ಲಿ ಯಾರೂ ಕುಡಿಯುವುದಿಲ್ಲ. ಮಾವ್ಶಿಯ ಕಪ್ ಇಳಿದು, ಕೊನೆಗೆ ನಾನೂ ನಾಚಿಕೆ ಬಿಟ್ಟು ಕೇಳಿ ನನ್ನದೂ ಇಳಿಯುವಷ್ಟರಲ್ಲಿ ಅಮ್ಮನದು ತಣ್ಣಗಾಗಿತ್ತು.

"ಒಬ್ಬೊಬ್ಬರಿಗೇ ಕಾಫಿ ಕೊಡುದು ಎಂತ ಮಿಶನ್ ಇದು?" ಎಂದಳು. "ಇಗರ್ಜಿಯಲ್ಲಿ ಪಾಪನಿವೇದನೆಗೆ ಸಾಲು ನಿಂತ ಹಾಗೆ."

ನನ್ನ ಕಪ್ ತೆಗೆದುಕೊಳ್ಳುವಾಗ ಒಂದು ತಪ್ಪು ಮಾಡಿದೆ. ಕಪಾಟಿನಿಂದ ನೀಲಿ ಅಂಚಿನ, ಹಿಡಿಯ ತುದಿ ಚೂರು ಒಡೆದ ಕಪ್ಪೊಂದನ್ನು ಎತ್ತಿಕೊಂಡಿದ್ದೆ. ಮಾವ್ಶಿ ಮೆಲ್ಲನೆ ನನ್ನ ಕೈಯಿಂದ ಅದನ್ನು ಬಿಡಿಸಿಕೊಂಡರು. "ಅದು ಅವರ ಕಪ್. ಅವರ ತಾಯಿಯ ಮನೆಯದ್ದು. ರಜೆಗೆ ಬೇರೆ ಊರಿಗೆ ಹೋದ್ರೂ ಹೊತ್ತುಕೊಂಡು ಹೋಗ್ತಾರೆ. ಅದಿಲ್ಲದೆ ಎಲ್ಲಿಯೂ ಇರುವುದಿಲ್ಲ."

ಶನಿವಾರ

ಪರೀಕ್ಷೆಗೆ ಶನಿವಾರ ಸಂಜೆ ನಿಗದಿಯಾಯಿತು. ಅಮ್ಮ ಊರಿನಿಂದ ತಂದ ಕಾಫಿಪುಡಿಯ ಪೊಟ್ಟಣ, ತನ್ನ ಹಳೆಯ ಬಿಳಿ ಹತ್ತಿ ಸೀರೆಯಿಂದ ಹೊಲಿದ ಸೋಸುವ ಚೀಲ, ಕೈಚೀಲದಲ್ಲಿ ಬೇರೆಯೇ ಇಟ್ಟಿದ್ದ ಬೆಲ್ಲ ಮತ್ತು ಶುಂಠಿ ಇಷ್ಟನ್ನು ಮೇಜಿನ ಮೇಲೆ ಜೋಡಿಸಿದಳು. ಪಾತ್ರೆಯಲ್ಲಿ ನೀರು ಕುದಿಯಿತು. ಪುಡಿ ಬಿತ್ತು. ಆಗ ವಾಸನೆ ಬಂತು.

ಅಮ್ಮ ಒಮ್ಮೆ ಮೂಗೆಳೆದಳು. ನಾನೂ ಎಳೆದೆ. ಕಾಫಿಪುಡಿ ಮತ್ತು ಒಣಸಿಗಡಿ ಒಂದೇ ಪೆಟ್ಟಿಗೆಯಲ್ಲಿ, ಒಂದೇ ಟವೆಲಿನ ಮಡಿಕೆಯಲ್ಲಿ, ಮಂಗಳೂರಿನಿಂದ ಇಲ್ಲಿಯ ತನಕ ಬಂದಿದ್ದವು.

"ಕರೆಂಟಿನ ಒಲೆಯ ವಾಸನೆ ಇರ್ಬೇಕು," ಎಂದು ಅಮ್ಮ ಯಾರೂ ಕೇಳದಿದ್ದರೂ ಹೇಳಿದಳು.

ಅಂಕಲ್ ತಮ್ಮ ನೀಲಿ ಅಂಚಿನ ಕಪ್ಪಿನಿಂದ ಒಂದು ಗುಟುಕು ಕುಡಿದರು. ಕಪ್ಪನ್ನು ತಟ್ಟೆಯ ಮೇಲೆ ಸದ್ದಾಗದಂತೆ ಇಟ್ಟರು. ಬಹಳ ಯೋಚಿಸಿ, ಬಹಳ ವಿನಯದಿಂದ ಕೇಳಿದರು, "ನಿಮ್ಮ ಮನೆ ಸಮುದ್ರಕ್ಕೆ ಎಷ್ಟು ಹತ್ತಿರ?"

"ಎಂತ ಹೇಳಿದ್ರು? ಎಂತ?" ಎಂದು ಅಮ್ಮ.

"ಸಮುದ್ರದ ಬಗ್ಗೆ ಕೇಳ್ತಾರೆ."

"ಒಳ್ಳೇದಾಯ್ತಲ್ಲ! ಊರಿನ ಮೇಲೆ ಆಸೆ ಬಂತು."

ಮಾವ್ಶಿ ಕುಡಿದು ನೋಡಿದವರು ತಂಗಿಯ ಮುಖವನ್ನೇ ದಿಟ್ಟಿಸಿದರು. ಸಿಗಡಿಯ ಅನುಮಾನ ಬಂದಿತ್ತೋ ಏನೋ. "ಪ್ರಯಾಣದಲ್ಲಿ ಕೈ ಸೋತಿರ್ಬೇಕು," ಎಂದರು. "ನಾಳೆ ಇಗರ್ಜಿಯಿಂದ ಬಂದು ಇನ್ನೊಮ್ಮೆ ಮಾಡು. ಆದರೆ ಇನ್ನೊಮ್ಮೆ ಹೀಗಾದ್ರೆ ಮತ್ತೆ ಅವರ ಹತ್ತಿರ ನಾನು ಬಾಯಿ ತೆರೀಲಿಕ್ಕೆ ಇಲ್ಲ."

ಭಾನುವಾರ

ಆ ದೇಶದಲ್ಲಿ ಶನಿವಾರ ಸಂಜೆ ಮುಚ್ಚಿದ ಅಂಗಡಿ ಸೋಮವಾರದ ಮೊದಲು ಬಾಗಿಲು ತೆರೆಯುವುದಿಲ್ಲ. ಹಿಂದಿನ ಬಾಗಿಲಿನಿಂದ ಕರೆದರೆ ಹೊರಗೆ ಬಂದು ಸಾಮಾನು ಕೊಡುವ ನಮ್ಮ ಬ್ಯಾರಿ ಅಂಗಡಿಯಂಥದ್ದು ಅಲ್ಲಿಲ್ಲ. ಮನೆಯಲ್ಲಿ ಬಿಡಿ ಕಾಫಿಪುಡಿ ಇಲ್ಲ. ಹೊಸ ಕ್ಯಾಪ್ಸೂಲುಗಳನ್ನು ಅಂಕಲ್ ಬಣ್ಣಬಣ್ಣದ ಸಾಲಿನಲ್ಲಿ ಜೋಡಿಸಿಟ್ಟಿದ್ದರು. ಒಂದು ತೆಗೆದರೂ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತಿತ್ತು.

ಅಂಕಲ್ ಮತ್ತು ಮಾವ್ಶಿ ಇಗರ್ಜಿಯ ಹೊರಗೆ ಯಾರೊಂದಿಗೋ ಮಾತಿಗೆ ನಿಂತಿದ್ದರು. ನಾವು ಬೀಗದ ಕೈ ಕೇಳಿ ಮುಂಚಿತವಾಗಿ ಬಂದೆವು. ಅಮ್ಮ ಮೇಲ್ಗಡೆ ಬಂದವಳೇ ಬಾಲ್ಕನಿಗೆ ಹೋಗಿ ನೀಲಿ ಬಕೆಟ್ಟಿನ ಮುಚ್ಚಳ ತೆಗೆದಳು.

"ಬಾಯೆ, ಇದು ಒಂದೇ ಸರ್ತಿ ನೀರು ಕಂಡದ್ದು."

ನನಗೆ ಅರ್ಥವಾಯಿತು, ಆದರೂ ಆಗಲಿಲ್ಲವೆಂಬಂತೆ ನಿಂತೆ. ನಮ್ಮ ಮನೆಯಲ್ಲಿ ಕಾಫಿಪುಡಿ ಎರಡು ಸಲ ನೀರು ಕಾಣುತ್ತದೆ. ಮೊದಲನೆಯದು ಬಂದವರಿಗೆ. ಅದೇ ಪುಡಿಯನ್ನು ಬೆಲ್ಲ ಹಾಕಿ ಇನ್ನೊಮ್ಮೆ ಕುದಿಸಿದ್ದು ಮನೆಯವರಿಗೆ.

"ಅಮ್ಮಾ, ಅದು ಕಸ."

"ಕಸ ಆದ್ರೆ ಮುಚ್ಚಳ ಯಾಕೆ?"

ನಾನು ಸಸ್ಯಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಹೂವಿನ ಅಂಡಾಶಯವನ್ನು ಹರಿಯದಂತೆ ಸೀಳಿ ಅಭ್ಯಾಸವಿದೆ. ಉಗುರು ಕತ್ತರಿಸುವ ಸಣ್ಣ ಕತ್ತರಿಯಿಂದ ಕ್ಯಾಪ್ಸೂಲಿನ ಮೇಲಿನ ತಗಡಿನ ಹಾಳೆಯನ್ನು ಸುತ್ತಲೂ ಬಿಡಿಸಿದೆ. ವಿಶ್ವವಿದ್ಯಾಲಯದ ಶಿಕ್ಷಣ ಅಷ್ಟು ನೇರವಾಗಿ ಉಪಯೋಗಕ್ಕೆ ಬಂದದ್ದು ಅದೇ ಮೊದಲು. ಅಮ್ಮ ಗಸಿಯನ್ನು ಪಾತ್ರೆಗೆ ಬಡಿದು, ಬೆಲ್ಲ ಮತ್ತು ಜಜ್ಜಿದ ಶುಂಠಿ ಹಾಕಿ ಕುದಿಸಿ ಸೋಸಿದಳು. ಖಾಲಿ ಕ್ಯಾಪ್ಸೂಲುಗಳನ್ನು ತೊಳೆದು, ಒರೆಸಿ, ಪುನಃ ಬಕೆಟ್ಟಿಗೆ ಹಾಕಿದಳು. ನೇರಳೆ ಮತ್ತು ಚಿನ್ನದ ಬಣ್ಣದ ಕೆಲವನ್ನು ಮಾತ್ರ ಕ್ರಿಸ್ಮಸ್ಸಿನ ಗೋದಲಿಗೆ ಎಂದು ಪೆಟ್ಟಿಗೆಯಲ್ಲಿಟ್ಟಳು.

ಅಂಕಲ್ ಬಂದು ಕುಡಿದರು. ಕಪ್ಪನ್ನು ಕೆಳಗಿಡಲಿಲ್ಲ. ಇನ್ನೊಂದು ಗುಟುಕು ಕುಡಿದರು.

"ಇದು ಬೇರೆ," ಎಂದರು. "ಇದು ಬಹಳ ಚೆನ್ನಾಗಿದೆ. ಯಾವ ತೋಟದ ಕಾಫಿ?"

ನಾನು ಅಮ್ಮನಿಗೆ ಹೇಳಿದೆ. ಅಮ್ಮ ಸ್ವಲ್ಪವೂ ತಡವರಿಸದೆ, "ಇಲ್ಲೇ ಹತ್ತಿರದ್ದು ಅಂತ ಹೇಳು," ಎಂದಳು.

ನಾನು ಒಂದಕ್ಷರವೂ ಬದಲಿಸದೆ ಹೇಳಿದೆ. ಕುಂಜತ್ತೂರಿಗೆ ಹತ್ತಿರ ಎಂದು ಅವರು ತಿಳಿದುಕೊಂಡಂತೆ ಕಂಡಿತು. ಎರಡನೆಯ ಕಪ್ ಕೇಳಿದರು. ಮಾವ್ಶಿ ಮೇಜಿನ ಕೆಳಗೆ ತಂಗಿಯ ಕೈ ಹಿಡಿದು ಹಿಸುಕಿದರು.

ಗಡಿಯ ಆಚೆ

ಸೋಮವಾರ ಅಮ್ಮ ಅಂಗಡಿಯಿಂದ ಒಳ್ಳೆಯ ಕಾಫಿಪುಡಿ ತರಿಸಿ ಅದೇ ಬೆಲ್ಲ, ಅದೇ ಶುಂಠಿ ಹಾಕಿ ಮಾಡಿದಳು. ಅಂಕಲ್ ಕುಡಿದು, "ನಿನ್ನೆಯದು ಹೆಚ್ಚು ರುಚಿ," ಎಂದರು. ಅಮ್ಮ ಮಂಗಳವಾರ ಮತ್ತೆ ಬಕೆಟ್ಟಿಗೆ ಹೋದಳು.

ಬುಧವಾರ ನಮ್ಮನ್ನು ಜರ್ಮನಿಗೆ ಕರೆದುಕೊಂಡು ಹೋದರು. ಎಂತ ನೋಡಲಿಕ್ಕೆ ಎಂದರೆ, ಮಾಂಸ ತರಲಿಕ್ಕೆ. ಆ ಊರಿನವರೆಲ್ಲ ಅಗ್ಗವೆಂದು ಗಡಿ ದಾಟಿ ಅಲ್ಲಿಂದ ಮಾಂಸ, ಸಾಬೂನು ತರುತ್ತಾರಂತೆ. ನಮಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. ಯಾವುದು ಕೇರಳದಲ್ಲಿ, ಯಾವುದು ತಲಪಾಡಿಯ ಆಚೆ ಕರ್ನಾಟಕದಲ್ಲಿ ತೆಗೆದುಕೊಳ್ಳಬೇಕು ಎಂಬುದು ಕುಂಜತ್ತೂರಿನ ಮಕ್ಕಳಿಗೂ ಗೊತ್ತು. ಕಾರಿನಲ್ಲಿ ಅಮ್ಮ ಹಾಯಾಗಿ ಕಾಲು ಚಾಚಿ, "ಇವರು ನಮ್ಮವರೇ," ಎಂದಳು.

ಆದರೆ ಗಡಿಯಲ್ಲಿ ಯಾರೂ ತಡೆಯದಿದ್ದರೂ ಅಂಕಲ್ ತಾವೇ ಕಾರು ನಿಲ್ಲಿಸಿ, ಕಾವಲಿನವರನ್ನು ಕರೆದು, ಮಾಂಸದ ಚೀಲ ತೆರೆದು ತೋರಿಸಿದರು. ಕಾವಲಿನವನಿಗೇ ಬೇಸರ ಬಂತು.

"ಇವರು ಹೀಗೇ," ಎಂದು ಮಾವ್ಶಿ ನಿಟ್ಟುಸಿರಿಟ್ಟರು. "ಬಸ್ಸಿನಲ್ಲಿ ಟಿಕೇಟು ಕೇಳುವವರು ಇಲ್ಲದಿದ್ರೂ ತೆಗೀತಾರೆ. ಮೋಸ ಅಂತ ಕಂಡ್ರೆ ಮತ್ತೆ ಆ ಜನದ ಹತ್ತಿರ ಮಾತೇ ಇಲ್ಲ."

ಅಮ್ಮ ಚಾಚಿದ ಕಾಲು ಮಡಚಿಕೊಂಡಳು.

ಮನೆಗೆ ಬಂದ ಮೇಲೆ ಅಡುಗೆ ಕೋಣೆಯ ಬಾಗಿಲು ಹಾಕಿ ಅಕ್ಕನಿಗೆ ಎಲ್ಲ ಹೇಳಿದಳು, ಸಿಗಡಿಯಿಂದ ಹಿಡಿದು. ಮಾವ್ಶಿ ನಗಲು ಹೊರಟವರು ನೆಲದ ಮೇಲೆ ಕೂತೇ ನಕ್ಕರು. ಕಣ್ಣೊರೆಸಿಕೊಂಡ ಮೇಲೆ ಅವರ ಮುಖ ಇಳಿಯಿತು.

"ಬೆಳಿಗ್ಗೆ ಎಂತ ಹೇಳಿದ್ರು ಗೊತ್ತುಂಟಾ? ಈ ಕಾಫಿ ದಿನಾ ಸಿಗುವುದಾದ್ರೆ ಯೋಚಿಸಬಹುದು ಅಂತ. ಅದೂ ಅವರದ್ದೇ ಕಸದ ಕಾಫಿ! ಇನ್ನು ಗೊತ್ತಾದ್ರೆ ಮುಗೀತು. ಆ ಜಾಗ ನೀನೇ ಇಟ್ಕೊ, ಬಸಳೆ ಮಾಡು."

"ನಂಗೆ ಬಸಳೆ ಸಾಕಾಗಿದೆ ಅಕ್ಕ," ಎಂದಳು ಅಮ್ಮ.

ಬಾಲ್ಕನಿ

ಮರುದಿನ ನಾನು ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಾಗ ಅಂಕಲ್ ಜಿರೇನಿಯಂಗೆ ಗಸಿ ಹಾಕಲು ಬಂದರು. ನೀಲಿ ಬಕೆಟ್ಟಿನ ಮುಚ್ಚಳ ತೆಗೆದರು. ತೊಳೆದ ಕ್ಯಾಪ್ಸೂಲುಗಳು ಬಿಸಿಲಿಗೆ ಹೊಳೆದವು. ಅವರು ಒಂದನ್ನು ಎತ್ತಿ ನೋಡಿದರು. ನನ್ನನ್ನು ನೋಡಿದರು. ಜಿರೇನಿಯಂ ನೋಡಿದರು.

"ಬಹಳ ಸ್ವಚ್ಛವಾಗಿದೆ," ಎಂದರು.

"ಹೌದು," ಎಂದೆ.

ಇಬ್ಬರೂ ಹೆಚ್ಚು ಮಾತಿನವರಲ್ಲ. ಅವರು ಮುಚ್ಚಳ ಹಾಕಿ ಒಳಗೆ ಹೋದರು. ನಾನು ಒಂದೇ ಟವೆಲನ್ನು ಮೂರು ಸಲ ಹರವಿದೆ. ಅಮ್ಮ ಮನೆಯನ್ನು ಚೊಕ್ಕಟ ಮಾಡುತ್ತಿದ್ದಾಳೆ ಎಂದು ಅವರು ತಿಳಿದರೆ ಸಾಕು ಎಂದು ಬೇಡಿಕೊಂಡೆ.

ಆ ಮೇಲೆ ಮನೆಯಲ್ಲಿ ಕೆಲವು ವಿಚಿತ್ರಗಳು ಕಂಡವು. ದಿನಕ್ಕೆ ಎರಡು ಸಲ ಯಂತ್ರದ ಕಾಫಿ ಕುಡಿಯುತ್ತಿದ್ದ ಅಂಕಲ್ ಈಗ ಹೊತ್ತು ಗೊತ್ತಿಲ್ಲದೆ ಕುಡಿಯತೊಡಗಿದರು. ಬೆಲ್ಲದ ಕಾಫಿಯನ್ನೂ ಬಿಡಲಿಲ್ಲ. ರಾತ್ರಿ ಊಟಕ್ಕೆ ಕೂತವರ ಬೆರಳು ನಡುಗುತ್ತಿತ್ತು.

"ಮಿಶನನ್ನೇ ಜಾಸ್ತಿ ಮಾಡಿದ್ರಲ್ಲ," ಎಂದು ಅಮ್ಮ ಕಂಗಾಲಾದಳು. "ನಾವು ಸೋತೆವು ಬಾಯೆ."

ಕೆಳಗಿನ ಮನೆಯ ಅಜ್ಜಿ ಒಂದು ದಿನ ಬಾಗಿಲು ತಟ್ಟಿ ಅಂಕಲ್ ಕೈಗೆ ಒಂದು ಚೀಲ ಕೊಟ್ಟುಹೋದರು. ಇಣುಕಿದರೆ ಬಳಸಿದ ಕ್ಯಾಪ್ಸೂಲುಗಳು. ನಮ್ಮಲ್ಲಿ ನೆರೆಮನೆಗೆ ಹಲಸಿನ ಹಣ್ಣಿನ ಸೊಳೆ ಕೊಡುತ್ತಾರೆ, ಇಲ್ಲಿಯವರು ಕಸ ಕೊಡುತ್ತಾರೆ, ದೇಶದೇಶಕ್ಕೆ ರೂಢಿ ಬೇರೆ ಎಂದುಕೊಂಡೆ. ಒಲೆಯ ಕೆಳಗಿನ ಬೇಯಿಸುವ ಗೂಡಿನಿಂದ ಎರಡು ಸಂಜೆ ಹುರಿದಂಥ ಪರಿಮಳ ಬಂತು. ಅದರ ಬಾಗಿಲು ತೆರೆಯಬಾರದೆಂದು ಅಪ್ಪಣೆಯಾಗಿತ್ತು. ಕೇಕ್ ಇರಬೇಕೆಂದು ಮಾವ್ಶಿ ಹೇಳಿದರು. ಕೇಕ್ ಬರಲಿಲ್ಲ.

ಹೊರಡುವ ದಿನ

ಹಿಂದಿನ ಸಂಜೆ ಮಾವ್ಶಿ ನೇರವಾಗಿಯೇ ಕೇಳಿದರು. ಅಂಕಲ್ ಚೂರಿ, ಮುಳ್ಳು ಎರಡನ್ನೂ ತಟ್ಟೆಯಲ್ಲಿ ಸಮಾನವಾಗಿ ಇಟ್ಟು, "ಇನ್ನೂ ಯೋಚಿಸುತ್ತಿದ್ದೇನೆ," ಎಂದರು. ಅಮ್ಮನಿಗೆ ನಾನು ಅನುವಾದಿಸಬೇಕಾಗಲಿಲ್ಲ.

ವಿಮಾನ ನಿಲ್ದಾಣದಲ್ಲಿ ಅಕ್ಕತಂಗಿ ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಂತರು. ಅಂಕಲ್ ಬೇರೆಯವರ ಅಳು ನೋಡಬಾರದೆಂದು ಗಡಿಯಾರ ನೋಡುತ್ತಿದ್ದರು. ನಾನು ನೆಲ ನೋಡುತ್ತಿದ್ದೆ. ಕೊನೆಗೆ ಅವರು ಹಗ್ಗದಿಂದ ಬಿಗಿಯಾಗಿ ಕಟ್ಟಿದ ಒಂದು ರಟ್ಟಿನ ಪೆಟ್ಟಿಗೆಯನ್ನು ಅಮ್ಮನ ಕೈಗಿಟ್ಟರು.

"ಅಡುಗೆ ಸಾಮಾನು," ಎಂದು ನನಗೆ ಹೇಳಿದರು. "ಒಡೆಯುವಂಥದ್ದೂ ಇದೆ. ಜಾಗ್ರತೆ."

ಚಾಕಲೇಟು ಎಂದು ಅಮ್ಮ ತೀರ್ಮಾನಿಸಿದಳು. ದಾರಿಯುದ್ದಕ್ಕೂ ಅದನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು, ಆದರೆ ಸಂತೋಷದಿಂದಲ್ಲ. "ಅಕ್ಕನನ್ನು ಕೊಡುವುದಿಲ್ಲ, ಚಾಕಲೇಟು ಕೊಡ್ತಾರೆ," ಎಂದಳು.

ಮುಂಬಯಿ

ಕಸ್ಟಮ್ಸಿನ ಮೇಜಿನ ಹಿಂದೆ ಇದ್ದವರು ನಮ್ಮ ಮಾತು ಕೇಳಿ ತಲೆ ಎತ್ತಿದರು. ಮುಂಬಯಿಯಲ್ಲಿ ಯಾವ ಮೇಜಿನ ಹಿಂದೆಯೂ ನಮ್ಮ ಕಡೆಯವರೊಬ್ಬರು ಇರುತ್ತಾರೆ.

"ಎಲ್ಲಿಯವರು ನೀವು?"

"ಕುಂಜತ್ತೂರು," ಎಂದಳು ಅಮ್ಮ.

"ಓ, ತಲಪಾಡಿ ದಾಟಿದ ಕೂಡಲೇ. ಇದ್ರಲ್ಲಿ ಎಂತ ಉಂಟು ಅಮ್ಮಾ?"

"ಚಾಕಲೇಟು."

ಅವರು ಹಗ್ಗ ಬಿಚ್ಚಿದರು. ಒಳಗೆ ತುಂಬ ಕ್ಯಾಪ್ಸೂಲುಗಳು. ಕೆಂಪು, ಹಸಿರು, ನೇರಳೆ, ಚಿನ್ನದ ಬಣ್ಣ. ಎಲ್ಲವೂ ಬಳಸಿದವು, ಒಂದೂ ತೆರೆದಿಲ್ಲ. ಬೂಸ್ಟು ಬಾರದಂತೆ ಗರಿಗರಿಯಾಗಿ ಒಣಗಿಸಿದ್ದರು. ಬರದಿದ್ದ ಕೇಕ್ ಯಾವುದೆಂದು ನನಗೆ ಗೊತ್ತಾಯಿತು. ಆ ನಡುಗುವ ಬೆರಳು, ಕೆಳಗಿನ ಮನೆಯ ಅಜ್ಜಿಯ ಚೀಲ, ಎಲ್ಲ ಒಟ್ಟಿಗೆ ಗೊತ್ತಾಯಿತು.

ಅಧಿಕಾರಿ ಒಂದನ್ನು ಮೂಸಿದರು. ತಿರುಗಿಸಿ ತೂತು ನೋಡಿದರು. "ಇದು ಕಾಫಿಯಲ್ವಾ? ಕುಡಿದು ಮುಗಿದದ್ದು!"

"ಒಂದೇ ಸರ್ತಿ," ಎಂದಳು ಅಮ್ಮ. ಆದರೆ ಅವಳ ಗಮನ ಅವರ ಮೇಲಿರಲಿಲ್ಲ. ಕ್ಯಾಪ್ಸೂಲುಗಳ ನಡುವೆ ಕೈ ಹಾಕಿ, ಹಳೆಯ ಬನಿಯನ್ನಿನಲ್ಲಿ ಸುತ್ತಿದ ಏನನ್ನೋ ಮೇಲೆತ್ತಿ ಬಿಡಿಸುತ್ತಿದ್ದಳು. ನೀಲಿ ಅಂಚಿನ ಕಪ್. ಹಿಡಿಯ ತುದಿ ಚೂರು ಒಡೆದದ್ದು.

"ಒಡೆದ ಕಪ್ ಕೂಡ ಕಳಿಸಿದ್ದಾರಲ್ಲ ಮಾರಾಯ್ರೆ," ಎಂದು ಅಧಿಕಾರಿ ಮರುಕದಿಂದ ತಲೆಯಾಡಿಸಿದರು. "ಫಾರಿನ್‌ನಿಂದ ಎಂತೆಂತದ್ದೋ ತರುವವರನ್ನು ನೋಡಿದ್ದೇನೆ, ಕಸ ತಂದವರನ್ನು ನೋಡ್ಲಿಲ್ಲ. ಯಾರು ಕೊಟ್ಟದ್ದು ಇದನ್ನು?"

"ನಮ್ಮ ಭಾವ."

"ಯಾರಿಗೆ?"

"ಅವರಿಗೇ," ಎಂದಳು ಅಮ್ಮ. "ಬಂದಾಗ ಬೇಕಲ್ಲ."

ಅಧಿಕಾರಿ ಪೆಟ್ಟಿಗೆಯ ಮೇಲೆ ಸೀಮೆಸುಣ್ಣದ ಗೀಟು ಎಳೆದು ನಮ್ಮನ್ನು ಬಿಟ್ಟರು. ಅಮ್ಮ ಕಪ್ಪನ್ನು ಪೆಟ್ಟಿಗೆಯೊಳಗೆ ಪುನಃ ಇಡಲು ಒಪ್ಪಲಿಲ್ಲ. ಸೆರಗಿನಲ್ಲಿ ಸುತ್ತಿ ಎದೆಗೊತ್ತಿಕೊಂಡು ನಡೆದಳು. ಮಂಗಳೂರಿನ ವಿಮಾನಕ್ಕೆ ಕಾಯುತ್ತ ಕೂತಾಗ ಒಮ್ಮೆಲೇ ನನ್ನ ಕಡೆ ತಿರುಗಿದಳು.

"ಬಾಯೆ, ಮನೆಗೆ ಮುಟ್ಟಿದ ಕೂಡಲೇ ಕತ್ತಿ ತೆಗಿ. ಬಸಳೆ ಚಪ್ಪರ ಬಿಚ್ಚಲಿಕ್ಕುಂಟು."